ಯೌವನಸ್ಥರು ಕಸುಬನ್ನು ಆರಿಸುವ ವಿಷಯ



ಗೋಪುರ ಕಟ್ಟಲು ಹೊರಟವನು ಅಸ್ತಿವಾರ ಹಾಕುವದಕ್ಕೆ ಮುಂಚೆ ತನ್ನ ಗಂಟನ್ನು ಎಣಿಸಿ ನೋಡಬೇಕೆಂಬ ಕರ್ತನ ಬೋಧೆಯನ್ನು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಓದುತ್ತೇವೆ. ಶಿಷ್ಯರಾಗುವವರನ್ನು ಕುರಿತ ಈ ಮಾತು ಜೀವನೋಪಾಯವನ್ನು ಹುಡುಕುವ ಯೌವನಸ್ಥರಿಗೂ ಸಲ್ಲುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಪರೀಕ್ಷೆಯ ಫಲಿತಾಂಶ ಬಂದೊಡನೆ ಮನೆಮನೆಯಲ್ಲಿ ಒಂದೇ ಚಿಂತೆ. ಕೊಳೆರೋಗದಿಂದಲೂ ಎಲೆಚುಕ್ಕಿ ರೋಗದಿಂದಲೂ ಅಡಿಕೆ ತೋಟಗಳು ಸೊರಗುತ್ತಿರಲು, ತೋಟದ ಕೂಲಿಯನ್ನೇ ನಂಬಿದ ತಂದೆತಾಯಿಗಳು ಮಕ್ಕಳನ್ನು ಬೆಂಗಳೂರಿಗೆ ಕಳುಹಿಸಲು ಆಶಿಸುವದು ತಪ್ಪಲ್ಲ. ಆದರೆ ನೆರೆಮನೆಯವನ ಮಗನು ಓದಿದ್ದನ್ನೇ ನಮ್ಮ ಮಗನೂ ಓದಲಿ ಎಂಬದು ಲೆಕ್ಕವಲ್ಲ, ಬರೀ ಹಟವು.

ಈ ವಿಷಯದಲ್ಲಿ ಉಪದೇಶಿಗಳಾದ ನಾವೇ ತಪ್ಪಿದವರು. ನಮ್ಮ ಸಭೆಯ ಒಬ್ಬ ಹುಡುಗನು ಕೆಟ್ಟುಹೋದ ನೀರಿನ ಪಂಪನ್ನು ಬಿಚ್ಚಿ ಸರಿಮಾಡುವದರಲ್ಲಿ ಹಸಿವನ್ನೂ ಮರೆಯುತ್ತಿದ್ದನು. ಕೈಗೆ ಮಸಿ ಹತ್ತುವ ಕೆಲಸ ಬೇಡವೆಂದು ಅವನ ತಂದೆಯೊಂದಿಗೆ ನಾವೂ ಸೇರಿ ಅವನನ್ನು ಕಾಲೇಜಿಗೆ ನೂಕಿದೆವು. ಎರಡು ವರುಷಗಳಾದ ಮೇಲೆ ಅವನು ತೇರ್ಗಡೆಯಾಗದೆ ಹಿಂತಿರುಗಿದನು. ಮನೆಗೆ ಸಾಲ ಉಳಿಯಿತು. ನಾಚಿಕೆಯಿಂದ ಆರಾಧನೆಗೂ ಬಾರದೆ ಹೋದನು. ನಾವು ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಈಗ ಅವನು ಮೋಟಾರು ದುರಸ್ತಿಯ ಅಂಗಡಿಯಲ್ಲಿ ಕೆಲಸ ಕಲಿಯುತ್ತಾ ಸಾಲವನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತಿದ್ದಾನೆ. ಆ ಎರಡು ವರುಷಗಳನ್ನು ನಾವು ಹಿಂದಕ್ಕೆ ಕೊಡಲಾರೆವು.

ನಮ್ಮ ಹಿರಿಯರ ಕಾಲವನ್ನು ನೆನಸಿರಿ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ, ಕ್ರೈಸ್ತರಾದವರಲ್ಲಿ ಅನೇಕರು ಕುಲದೊಂದಿಗೆ ಕಸುಬನ್ನೂ ಕಳಕೊಂಡರು. ಅವರಿಗಾಗಿ ನಾನಾ ಕೆಲಸಗಳನ್ನು ಪರೀಕ್ಷಿಸಿದರು. ಗಡಿಯಾರದ ಕೆಲಸ ನಿಲ್ಲಲಿಲ್ಲ. 1841ರ ಅಚ್ಚುಕೂಟವೂ ತರುವಾಯದ ನೇಯ್ಗೆಯೂ ನಿಂತವು. ಅಚ್ಚಿನ ಕೆಲಸಕ್ಕಾಗಿ ಬಂದ ಪ್ಲೆಬ್ಸ್ಟ್ ಎಂಬವರು ಅಲ್ಲಿಯ ಜೇಡಿಮಣ್ಣನ್ನು ಪರೀಕ್ಷಿಸಿದರು. 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಆರಂಭವಾಯಿತು. ಮಲೆನಾಡಿನ ಮಳೆಯನ್ನು ತಡೆಯುವ ಮಂಗಳೂರು ಹಂಚಿನ ಮೂಲ ಇದೇ. ಕಾಲ ಕೆಳಗಿನ ಮಣ್ಣು, ಕೈಯಲ್ಲಿದ್ದ ವಿದ್ಯೆ, ಜನರ ಕೊರತೆ, ಈ ಮೂರೂ ಕೂಡಿದಲ್ಲಿ ಅನೇಕರಿಗೆ ಅನ್ನ ದೊರೆಯಿತು.

ಆದಕಾರಣ ಯೌವನಸ್ಥರೇ, ಮೂರನ್ನು ವಿಚಾರಿಸಿರಿ. ದೇವರು ನಿಮಗೆ ಕೊಟ್ಟ ವರವೇನು? ಅದು ಯಾರಿಗೆ ಬೇಕಾಗಿದೆ? ಕಲಿಯಲು ಎಷ್ಟು ಹಣ, ಎಷ್ಟು ಕಾಲ ಬೇಕು, ಅದು ಎಂದಿಗೆ ಮರಳುವದು? ದಾದಿಯಾಗಲು ಬಯಸುವ ಮಗಳು ಮೊದಲು ದಾದಿಯೊಬ್ಬಳ ಸಂಗಡ ಮಾತಾಡಿ ರಾತ್ರಿಯ ಪಾಳಿಯ ಕಷ್ಟವನ್ನು ತಿಳಿಯಲಿ. ಕಸುಬು ಕಲಿಯುವವನು ಸಾಲ ಮಾಡುವ ಮುಂಚೆ ರಜೆಯಲ್ಲಿ ಆ ಕೆಲಸವನ್ನು ಮಾಡಿ ನೋಡಲಿ. ಮರದಿಂದ ಮರಕ್ಕೆ ದಾಟಿ ಅಡಿಕೆ ಕೊಯ್ಯುವ ಕೊನೆಗೌಡನ ವಿದ್ಯೆಯೂ ವಿದ್ಯೆಯೇ. ಓದಿನಲ್ಲಿ ಮನಸ್ಸುಳ್ಳವರು ಧೈರ್ಯವಾಗಿ ಓದಲಿ.

ಅಪೊಸ್ತಲನಾದ ಪೌಲನು ಶಾಸ್ತ್ರವನ್ನು ಬಲ್ಲವನಾದರೂ ಕೊರಿಂಥದಲ್ಲಿ ಗುಡಾರ ಮಾಡುವ ಕಸುಬಿನಿಂದ ಜೀವಿಸಿದನು. ಸೂಜಿ ಹಿಡಿದ ಆ ಕೈಯೇ ಸಭೆಗಳಿಗೆ ಪತ್ರಗಳನ್ನೂ ಕೊಟ್ಟಿತು. ತಂದೆತಾಯಿಗಳೇ, ಮಕ್ಕಳ ಕೈಯನ್ನು ಹಿಡಿದು ನೋಡಿರಿ. ದೇವರು ಅದರಲ್ಲಿ ಏನನ್ನು ಇಟ್ಟಿದ್ದಾನೆಂದು ತಿಳುಕೊಂಡ ಮೇಲೆ ದಾರಿ ತೋರಿಸಿರಿ. ಕರ್ತನು ನಮಗೆ ಈ ವಿವೇಕವನ್ನು ಅನುಗ್ರಹಿಸಲಿ. ಆಮೆನ್.