ಗುರುವಿಲ್ಲದ ಕೈ ಉಂಟೆ?

ಮರದ ಚೂರು, ಸೆಣಬು, ತಂತಿಬಲೆ, ರುಬ್ಬಿದ ಕಾಗದ, ತುಕ್ಕು ಹಿಡಿದ ತಗಡು ಇವನ್ನೆಲ್ಲ ಕೂಡಿಸಿ ಗೋಡೆಗೆ ತೂಗುವ ಉಬ್ಬುಶಿಲ್ಪ ಮಾಡುವವರನ್ನು ಜನ ಪರಿಚಯಿಸುವುದು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ: ‘ಯಾರ ಹತ್ತಿರವೂ ಕಲಿತಿಲ್ಲ, ಎಲ್ಲ ಸ್ವಂತ.’ ಹೊಗಳಿಕೆಯೆಂದೇ ಆಡುವ ಈ ಮಾತನ್ನು ನಾನು ಒಪ್ಪಲಾರೆ. ಕಲಾವಿದನಿಗೆ ಇಲ್ಲದ ಒಂಟಿತನವನ್ನು ಹೊರಿಸಿ, ಅವನಿಗೆ ಕಲಿಸಿದ ಹತ್ತಾರು ಕೈಗಳನ್ನು ಅದು ಲೆಕ್ಕದಿಂದ ಹೊರಗಿಡುತ್ತದೆ.

ಮೈಸೂರು ಸೀಮೆಯಲ್ಲಿ ಶಿಲ್ಪ ಕಲಿಯಲು ದಾರಿಗಳಿಲ್ಲವೆಂದಲ್ಲ. ಎಚ್.ಡಿ. ಕೋಟೆ ಸುತ್ತಿನ ಕೃಷ್ಣಶಿಲೆಗೆ ಶಿಲ್ಪಿಗಳಲ್ಲಿ ಹೆಸರಿದೆ; ಕಲ್ಲು ಕಡೆಯುವ ಮನೆತನಗಳು ಮೈಸೂರಿನಲ್ಲಿವೆ. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಬಾಲರಾಮನನ್ನು ಕಡೆದ ಅರುಣ್ ಯೋಗಿರಾಜ್ ಅಂಥ ಮನೆತನದ ಐದನೆಯ ತಲೆಮಾರಿನವರು. ಮನೆತನದ ಹೊರಗಿನವರಿಗೆ 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಿತ್ತು, ಈಗ ಕಾವಾ ಎಂಬ ದೃಶ್ಯಕಲಾ ಕಾಲೇಜು ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರ ಪರಂಪರೆಯಲ್ಲಿ ಬುದ್ಧನ ಮುಖವನ್ನು ಗೆರೆ ಎಳೆದು ಅಳೆದೇ ರೂಪಿಸಬೇಕು. ನಮ್ಮ ಶಿಲ್ಪಶಾಸ್ತ್ರದ ತಾಳಮಾನವೂ ಮುಖದ ಉದ್ದವನ್ನು ಒಂದು ತಾಳವೆಂದು ಹಿಡಿದು ಇಡೀ ಮೈಯನ್ನು ಅಳೆಯುತ್ತದೆ. ಈ ಎಲ್ಲ ಕಡೆಯೂ ಅಳತೆ ಮೊದಲು, ಸೋಲು ಆಮೇಲೆ. ತಾನೇ ಕಲಿಯುವವನಿಗೆ ಸೋಲೇ ಮೊದಲು. ಅಳತೆಯನ್ನು ಅವನು ಅದರೊಳಗಿಂದ ಹೆಕ್ಕಿಕೊಳ್ಳಬೇಕು.

ಹೆಕ್ಕಿಕೊಳ್ಳಲು ಅವನ ಸುತ್ತ ಏನಿದೆ? ಬೇಕಾದಷ್ಟಿದೆ. ನಮ್ಮ ಹಳ್ಳಿಮನೆಗಳಲ್ಲಿ ಹೆಂಗಸರು ಹಳೆಯ ಕಾಗದ ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಬಿದಿರಿನ ಮೊರಕ್ಕೆ ಬಳಿದು ಒಣಗಿಸುತ್ತಿದ್ದರು. ಹೆಣಿಗೆಯ ಸಂದು ಮುಚ್ಚುತ್ತಿತ್ತು, ಹಿಟ್ಟು ಸೋರುತ್ತಿರಲಿಲ್ಲ, ಮೆಂತ್ಯದ ಕಹಿಗೆ ಹುಳು ಸುಳಿಯುತ್ತಿರಲಿಲ್ಲ. ಎಷ್ಟು ನೀರು, ಎಷ್ಟು ಮಂದ, ಬಿಸಿಲೋ ನೆರಳೋ, ಎಲ್ಲವನ್ನೂ ಅವರು ಬಲ್ಲರು. ತಂತಿಬಲೆಯ ಮೇಲೆ ಕಾಗದದ ಲೇಪ ಹಚ್ಚುವ ಇಂದಿನ ಕಲಾವಿದ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಆ ಅಜ್ಜಿಯರ ಶಿಷ್ಯ. ಕೆ.ಆರ್. ನಗರದ ಕಡೆಯ ಹಳೆಯ ಮನೆಗಳ ನೆತ್ತಿಯಲ್ಲಿ ಗಾರೆಯ ಗಜಲಕ್ಷ್ಮಿ, ಸಿಂಹ, ಮನೆ ಕಟ್ಟಿದ ಇಸವಿ ಉಬ್ಬಿ ನಿಂತಿರುತ್ತವೆ. ಗೋಡೆಯ ಮೇಲಿನ ಶಿಲ್ಪ ಎಂದರೆ ಅದೇ ತಾನೆ? ಆದರೆ ಅಲ್ಲಿ ಯಜಮಾನನ ಹೆಸರಿರುತ್ತದೆ, ಮೇಸ್ತ್ರಿಯ ಹೆಸರಿರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಲ್ಲಿ ಉರಿ ನೋಡಿಕೊಳ್ಳುವವರು ಮೊದಲು ಎಲೆ ಹಳದಿಗೆ ತಿರುಗುವಷ್ಟೇ ಕಾವು ಕೊಡುತ್ತಾರೆ, ಆಮೇಲೆ ಎಲೆ ಒಣಗಿಸುತ್ತಾರೆ, ಕೊನೆಗೆ ನಡುದಂಟು ಒಣಗುವವರೆಗೆ ಕಾವು ಏರಿಸುತ್ತಾರೆ. ಥರ್ಮಾಮೀಟರ್ ಇದ್ದರೂ ಎಲೆಯನ್ನು ಬೆರಳಿಂದ ಮುಟ್ಟಿ ನೋಡುವವರು ಅವರು. ಇಂಥ ಬೆರಳುಗಳ ನಡುವೆ ಬೆಳೆದವನು ಏನನ್ನೂ ಕಲಿಯದೆ ಬಂದ ಎನ್ನುವುದು ಹೇಗೆ?

ವಸ್ತುವೂ ಕಲಿಸುತ್ತದೆ, ಮುಲಾಜಿಲ್ಲದೆ. ಮರ ಮಳೆಗಾಲದಲ್ಲಿ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಿಮೆಂಟು ಹಾಗೆ ಹಿಗ್ಗದು. ಬಿಳಿ ಫೆವಿಕಾಲ್ ತೇವಕ್ಕೆ ಮೆತ್ತಗಾಗುತ್ತದೆ. ಕೊಡಗಿನ ಮಗ್ಗುಲ ಥಂಡಿಯಲ್ಲಿ ಇವನ್ನು ಬಿಗಿಯಾಗಿ ಕಚ್ಚಿಸಿದರೆ ಕೃತಿ ಸಂದಿನಲ್ಲೇ ಬಿರುಕು ಬಿಡುತ್ತದೆ. ಮಿಶ್ರಮಾಧ್ಯಮದ ನಿಜವಾದ ವಿದ್ಯೆ ಈ ಸಂದಿನದು. ಒಂದರ ಸ್ವಭಾವ ಇನ್ನೊಂದಕ್ಕಿಲ್ಲದಾಗ ಎರಡೂ ಜೊತೆಗೆ ಬಾಳಲು ನಡುವೆ ಎಷ್ಟು ಸಡಿಲ ಬೇಕು? ಬಾಗಿಲ ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟು ಹಾಕದೆ ಕೂರಿಸುವ ಬಡಗಿಗೆ ಇದರ ಉತ್ತರ ಎಂದೋ ಗೊತ್ತು.

ಇಲ್ಲಿಗೇ ನಿಲ್ಲಿಸಿದರೆ ನನ್ನ ವಾದ ಅರ್ಧವೇ ಆಗುತ್ತದೆ. ‘ಇದು ನಿಲ್ಲುವುದಿಲ್ಲ’ ಎಂದು ವಸ್ತು ಹೇಳಬಲ್ಲದು. ‘ಇದರಲ್ಲಿ ಸತ್ವವಿಲ್ಲ’ ಎಂದು ಹೇಳಲಾರದು. ಗಟ್ಟಿಯಾಗಿ ನಿಂತ ಟೊಳ್ಳು ಕೃತಿಗಳಿಗೆ ಬರವಿಲ್ಲ. ಟೊಳ್ಳನ್ನು ಟೊಳ್ಳೆಂದು ಹೇಳಲು ಮನುಷ್ಯರೇ ಬೇಕು. ಕಾಲೇಜಿನಲ್ಲಿ ಕಲಿತವನಿಗೆ ಮೇಷ್ಟ್ರು, ಸಹಪಾಠಿಗಳು ಹೇಳುತ್ತಾರೆ. ತಾನೇ ಕಲಿತವನಿಗೆ ಸಿಗುವುದು ಬರೀ ಮೆಚ್ಚುಗೆ, ‘ಎಲ್ಲೂ ಕಲಿಯದೆ ಇಷ್ಟು ಮಾಡಿದ್ದಾನಲ್ಲ!’ ಈ ರಿಯಾಯಿತಿ ಅವನಿಗೆ ಮಾಡುವ ಅನ್ಯಾಯ ಎಂದೇ ನಾನು ನಂಬಿದ್ದೇನೆ. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಗುಟ್ಟಾಗಿ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ಆ ಗುಟ್ಟಿನ ಕಥೆಯನ್ನು ಹೇಳುವವರು ಬಹಳ. ಅಲ್ಲಿನ ಯಾವ ಬೊಂಬೆ ಗೆದ್ದಿದೆ, ಯಾವುದು ಸೋತಿದೆ, ಏಕೆ ಎಂದು ಕೇಳುವವರು ಕಡಿಮೆ.

ತಾನೇ ಕಲಿಯುವುದು ಎಲ್ಲರಿಗೂ ಆಯ್ಕೆಯೂ ಅಲ್ಲ. ಏಕಲವ್ಯ ದ್ರೋಣನನ್ನು ಬೇಡವೆಂದವನಲ್ಲ, ದ್ರೋಣ ಸೇರಿಸಲಿಲ್ಲ. ಬಿಲ್ವಿದ್ಯೆಗೆ ಕೈಹಾಕುವ ಮೊದಲು ಅವನು ಮಣ್ಣು ಕಲೆಸಿ ಗುರುವಿನ ಮೂರ್ತಿ ಮಾಡಿದ. ಆ ಕೆಲಸವನ್ನು ಅವನಿಗೆ ಕಲಿಸಿದವರಾರು ಎಂದು ನಾವು ಕೇಳುವುದಿಲ್ಲ. ಹೆಬ್ಬೆರಳು ಹೋದಾಗ ಬಾಣದ ಜೊತೆ ಮಣ್ಣನ್ನು ಒತ್ತಿ ತಿದ್ದುವ ಬಲವೂ ಹೋಯಿತೆಂದು ನೆನೆಯುವುದೂ ಇಲ್ಲ. ಮನೆತನದ ಬಾಗಿಲು, ಕಾಲೇಜಿನ ಬಾಗಿಲು ಎರಡೂ ಮುಚ್ಚಿದ್ದವನ ಕಲಿಕೆಯನ್ನು ಸ್ವಾತಂತ್ರ್ಯವೆಂದು ಕೊಂಡಾಡಿದರೆ, ಮುಚ್ಚಿದ ಬಾಗಿಲಿಗೆ ಕ್ಷಮೆ ಸಿಕ್ಕಂತಾಗುತ್ತದೆ.

ಒಂಟಿತನದ ಇಂಥ ಕಥೆಗಳ ಎದುರು ಬೇರೊಂದು ನಿದರ್ಶನವೂ ಇದೆ. ಎಚ್.ಡಿ. ಕೋಟೆಯ ಕಾಡನ್ನು ಮುತ್ತಿರುವ ಲಂಟಾನ ಎಂಬ ಕಳೆಗಿಡದಿಂದಲೇ ಗಡಿಯಾಚೆ ತಮಿಳುನಾಡಿನ ಗೂಡಲೂರಿನಲ್ಲಿ ಬೆಟ್ಟಕುರುಬರು, ಪಣಿಯರು ಮುಂತಾದವರು ನಿಜಗಾತ್ರದ ಆನೆಗಳನ್ನು ಕಟ್ಟುತ್ತಾರೆ. ಕಡ್ಡಿಗಳನ್ನು ನೀರಿನಲ್ಲಿ ಬೇಯಿಸಿ, ತೊಗಟೆ ಸುಲಿದು, ಮೆದುವಿರುವಾಗಲೇ ಕಬ್ಬಿಣದ ಚೌಕಟ್ಟಿಗೆ ಬಗ್ಗಿಸುತ್ತಾರೆ. ತಮ್ಮ ಸುತ್ತ ಓಡಾಡುವ, ಗುರುತಿರುವ ಆನೆಗಳೇ ಅವರಿಗೆ ಮಾದರಿ. 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಅವು ನಿಂತವು. ಒಂದು ಆನೆ ಒಬ್ಬರ ಕೆಲಸವಲ್ಲ; ಅದರಲ್ಲಿ ಹಲವರ ಕೈಯಿದೆ, ಅದಕ್ಕಾಗಿ ಅದರ ಆನೆತನವೇನೂ ಕುಗ್ಗಿಲ್ಲ.

ಗೋಡೆಶಿಲ್ಪದ ಪ್ರದರ್ಶನಗಳಲ್ಲೂ ಕೃತಿಯ ಪಕ್ಕದ ಚೀಟಿಯಲ್ಲಿ ವಸ್ತುಗಳ ಜೊತೆ ಕೈಗಳನ್ನೂ ನಮೂದಿಸಲಿ ಎಂದು ಕೇಳುತ್ತೇನೆ: ಚೌಕಟ್ಟು ಕಟ್ಟಿದ ಬಡಗಿ, ಗಾರೆಯ ಹದ ಹೇಳಿಕೊಟ್ಟ ಮೇಸ್ತ್ರಿ, ಕಾಗದ ರುಬ್ಬುವುದನ್ನು ತೋರಿಸಿದ ಅಜ್ಜಿ. ‘ಸ್ವಂತ ಕಲಿಕೆ’ ಎಂಬ ಬಿರುದನ್ನು ಕೈಬಿಡಲಿ. ಆಗ ಬಂದವರು ಕಲಾವಿದನ ಕಥೆಯನ್ನು ಬಿಟ್ಟು ಕೃತಿಯನ್ನೇ ನೋಡಬೇಕಾಗುತ್ತದೆ, ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಎಂದು ಅವನೆದುರಿಗೇ ಹೇಳಬೇಕಾಗುತ್ತದೆ.