ಮಾಳಿಗೆಯ ಮೇಲಿನ ಕೋಣೆ: ಮನೆಯ ನೆಮ್ಮದಿ ಯಾರಿಗಾಗಿ?

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಇಲ್ಲಿ ನಾಲ್ಕು ಕುರ್ಚಿ ಖಾಲಿ ಇದೆ.

ಹೋದ ತಿಂಗಳು ಯೌವನಸ್ಥರ ಕೂಟದಲ್ಲಿ ಹೆಸರು ಹಾಕದೆ ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡಿ ಅಂದಿದ್ವಿ. ಒಂದು ಚೀಟಿ ಹೀಗಿತ್ತು. ಒಬ್ಬ ತಂಗಿ ತನ್ನ ಬಾಡಿಗೆ ರೂಮಿಗೆ ಹಳದಿ ಬೆಳಕಿನ ಒಂದು ದೀಪ, ದಪ್ಪ ಪರದೆ, ಎರಡು ಗಿಡ ತಂದಿಟ್ಟಿದ್ದಾಳೆ. ಆಫೀಸಿಂದ ಬಂದು ಅಲ್ಲಿ ಕೂತರೆ ಎದೆ ಮೇಲಿನ ಭಾರ ಸ್ವಲ್ಪ ಇಳಿಯುತ್ತೆ ಅಂತೆ. ಆದರೆ ಊರಿಂದ ಬಂದ ಒಬ್ಬ ಆಂಟಿ, ಯೇಸು ಸ್ವಾಮಿ ಕೊಡೋ ಸಮಾಧಾನ ಇರುವಾಗ ನಿನಗೆ ಈ ದೀಪ, ಪರದೆ ಎಲ್ಲಾ ಯಾಕಮ್ಮಾ ಅಂತ ಕೇಳಿದ್ದಾರೆ. ಆಕೆಯ ಪ್ರಶ್ನೆ: ಪಾಸ್ಟರ್, ಇದು ಲೋಕದ ಆಶೆಯಾ?

ನಗಬೇಡಿ. ಇದು ಪರದೆಯ ಪ್ರಶ್ನೆ ಅಲ್ಲ. ಮನಸ್ಸು ಶಾಂತವಾಗಿರೋಕೆ ಒಂದು ವಸ್ತು ಬೇಕು ಅನ್ನಿಸಿದರೆ ನನ್ನ ವಿಶ್ವಾಸದಲ್ಲಿ ಏನೋ ಕೊರತೆ ಇದೆಯಾ ಅನ್ನೋ ಭಯ ಅದರ ಹಿಂದಿದೆ. ಆ ಭಯ ಇಲ್ಲಿ ಕೂತಿರೋ ಎಷ್ಟೋ ಜನಕ್ಕಿದೆ, ನನಗೆ ಗೊತ್ತು.

1 ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಎಲೀಯ ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಮನುಷ್ಯ. ಇಲ್ಲಿ ನೋಡಿದರೆ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡ್ತಿದ್ದಾನೆ. ದೇವರು ಆಗ ಅವನಿಗೆ ಏನು ಮಾಡ್ತಾನೆ? ಬೈಯಲ್ಲ. ಉಪವಾಸ ಮಾಡು ಅನ್ನಲ್ಲ. ನಿನ್ನೆ ತಾನೇ ಅಷ್ಟು ದೊಡ್ಡ ಅದ್ಭುತ ನೋಡಿದೀಯಲ್ಲ ಅಂತ ಚುಚ್ಚಲ್ಲ. ಮಲಗೋಕೆ ಬಿಡ್ತಾನೆ. ಎಬ್ಬಿಸಿ ಬಿಸಿ ರೊಟ್ಟಿ, ಒಂದು ತಂಬಿಗೆ ನೀರು ಕೊಡ್ತಾನೆ. ಮತ್ತೆ ಮಲಗ್ತಾನೆ, ಮತ್ತೆ ಊಟ. ಹೋರೇಬಿನ ಆ ಸೂಕ್ಷ್ಮವಾದ ಧ್ವನಿ ಬರೋದು ಇದೆಲ್ಲಾ ಆದ ಮೇಲೆ. ನೆರಳು, ನಿದ್ದೆ, ರೊಟ್ಟಿ, ನೀರು ಮೊದಲು, ಮಾತು ಆಮೇಲೆ. ದೇಹವನ್ನು ಮಣ್ಣಿನಿಂದ ಮಾಡಿದವನಿಗೆ ಆ ಮಣ್ಣಿಗೆ ಏನು ಬೇಕು ಅಂತ ಗೊತ್ತು.

ಹಾಗಂತ ಆ ಆಂಟಿಯನ್ನು ನಾನು ತಳ್ಳಿಹಾಕಲ್ಲ. ಹಗ್ಗಾಯನ ಮೊದಲ ಅಧ್ಯಾಯ ಅವರ ಪರವಾಗಿ ಮಾತಾಡುತ್ತೆ. ದೇವಾಲಯ ಹಾಳು ಬಿದ್ದಿರುವಾಗ ಜನ ಮರದ ಹಲಗೆ ಹೊದಿಸಿದ ಮನೆಗಳಲ್ಲಿ ಆರಾಮಾಗಿದ್ದರು, ಪ್ರವಾದಿ ಗದರಿಸಿದ. ಅವನ ತಕರಾರು ಹಲಗೆಯ ಮೇಲಲ್ಲ, ಯಾವುದು ಮೊದಲು ಅನ್ನೋದರ ಮೇಲೆ. ನಮ್ಮ ಕಾಲದ ಹಲಗೆ ಯಾವುದು ಗೊತ್ತಾ? ರೀಲ್ಸ್‌ನಲ್ಲಿ ಬರೋ ಮನೆಗಳು. ಬಿಳಿ ಸೋಫಾ, ಮೋಂಬತ್ತಿ, ಕಿಟಕಿ ಪಕ್ಕ ಒಂದು ಕಪ್ ಕಾಫಿ. ಅದನ್ನು ನೋಡಿ ಕ್ರೆಡಿಟ್ ಕಾರ್ಡ್ ತೆಗೀತೀವಿ. ಸೋಫಾದ ಇಎಂಐ ಕಟ್ಟೋಕೆ ನೈಟ್ ಶಿಫ್ಟ್ ಮಾಡೋರು ಆ ಸೋಫಾ ಮೇಲೆ ಕೂರೋದು ಯಾವಾಗ ಪ್ರಿಯರೇ?

ಈಗ ಇವತ್ತಿನ ಮುಖ್ಯ ಭಾಗ, 2 ಅರಸುಗಳು 4, ಎಂಟನೇ ವಚನದಿಂದ. ಶೂನೇಮ್ ಊರಿನ ಒಬ್ಬ ಸ್ತ್ರೀ, ಅನುಕೂಲಸ್ಥೆ. ಎಲೀಷ ಆ ದಾರಿಯಲ್ಲಿ ಹೋಗ್ತಾ ಬರ್ತಾ ಅವರ ಮನೆಯಲ್ಲಿ ಊಟ ಮಾಡ್ತಿದ್ದ. ಈಕೆ ಗಂಡನ ಹತ್ತಿರ ಮಾತಾಡಿ ಮಾಳಿಗೆ ಮೇಲೆ ಒಂದು ಚಿಕ್ಕ ಕೋಣೆ ಕಟ್ಟಿಸ್ತಾಳೆ. ಒಳಗೆ ಏನೇನು ಇಟ್ಟಳು ಅಂತ ಬೈಬಲ್ ಪಟ್ಟಿ ಕೊಡುತ್ತೆ: ಮಂಚ, ಮೇಜು, ಕುರ್ಚಿ, ದೀಪ. ಅಷ್ಟೇ. ದುಡ್ಡಿದ್ದವಳು, ಇನ್ನೂ ಏನೇನೋ ಇಡಬಹುದಿತ್ತು. ಆದರೆ ನಡೆದು ದಣಿದವನಿಗೆ ಏನು ಬೇಕು ಅಂತ ಯೋಚಿಸಿ ಇಟ್ಟಿದ್ದಾಳೆ. ಮಲಗೋಕೆ ಜಾಗ, ಕೂರೋಕೆ ಜಾಗ, ಓದೋಕೆ ಬೆಳಕು. ಕೆಳಗಿನ ಗದ್ದಲದಿಂದ ಸ್ವಲ್ಪ ಮೇಲೆ, ಬಾಗಿಲು ಹಾಕ್ಕೊಳ್ಳಬಹುದು. ಹಿತವಾದ ಕೋಣೆ ಅಂದರೆ ಇದು. ಇದನ್ನು ಕಟ್ಟಿದ್ದಕ್ಕೆ ಆಕೆಯನ್ನು ಯಾರೂ ಲೋಕದವಳು ಅನ್ನಲಿಲ್ಲ.

ಇದೇ ಮನಸ್ಸಿನಿಂದ ಚರಿತ್ರೆಯಲ್ಲಿ ಕೆಲವು ವಿಶ್ವಾಸಿಗಳು ಒಂದು ದೊಡ್ಡ ಕೆಲಸ ಮಾಡಿದರು. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ 1790ರಲ್ಲಿ ಹ್ಯಾನಾ ಮಿಲ್ಸ್ ಎಂಬ ವಿಧವೆಯನ್ನು ಮಾನಸಿಕ ಕಾಯಿಲೆಗಾಗಿ ಅಲ್ಲಿನ ಆಶ್ರಮಕ್ಕೆ ಸೇರಿಸಿದ್ದರು. ಆಕೆ ಕ್ವೇಕರ್ ಸಭೆಯವಳು. ಸಭೆಯವರು ನೋಡೋಕೆ ಹೋದರೆ ಒಳಗೆ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಆಕೆ ತೀರಿಕೊಂಡಳು. ಆ ಕಾಲದಲ್ಲಿ ಇಂಥ ರೋಗಿಗಳನ್ನು ಸರಪಳಿಯಲ್ಲಿ ಕಟ್ಟೋದು, ಹೊಡೆಯೋದು ಸಾಮಾನ್ಯ. ವಿಲಿಯಂ ಟ್ಯೂಕ್ ಅಂತ ಒಬ್ಬ ಚಹಾ ವ್ಯಾಪಾರಿ ಇದ್ದ, ಅದೇ ಸಭೆಯವನು, ಡಾಕ್ಟರ್ ಅಲ್ಲ. ಅವನು ಸಭೆಯವರಿಂದ ಹಣ ಕೂಡಿಸಿ 1796ರಲ್ಲಿ ಒಂದು ಮನೆ ತೆರೆದ. ಆಸ್ಪತ್ರೆ ಅಂತ ಹೆಸರಿಡಲಿಲ್ಲ, ರಿಟ್ರೀಟ್ ಅಂದರು, ವಿಶ್ರಾಂತಿಯ ಜಾಗ. ಅಲ್ಲಿ ಸರಪಳಿ ಇಲ್ಲ. ಕಿಟಕಿಗೆ ಕಬ್ಬಿಣದ ಸರಳು ಬೇಕಾಗಿತ್ತು, ಆದರೆ ಅದು ಜೈಲಿನ ಥರ ಕಾಣದೆ ಮನೆಯ ಮರದ ಚೌಕಟ್ಟಿನ ಥರ ಕಾಣೋ ಹಾಗೆ ಮಾಡಿಸಿದರು. ತೋಟ ಇತ್ತು. ಅಂಗಳದಲ್ಲಿ ಮೊಲ, ಕೋಳಿ ಸಾಕಿದ್ದರು, ರೋಗಿಗಳು ಅವುಗಳ ಜೊತೆ ಹೊತ್ತು ಕಳೀಲಿ ಅಂತ. ನಿದ್ದೆ ಬಾರದವರಿಗೆ ರಾತ್ರಿ ಹೊಟ್ಟೆ ತುಂಬ ಊಟ ಕೊಟ್ಟರೆ ಸಹಾಯ ಆಗುತ್ತೆ ಅಂತ ಕಂಡುಕೊಂಡರು. ಇದನ್ನೆಲ್ಲಾ ಟ್ಯೂಕನ ಮೊಮ್ಮಗ ಸ್ಯಾಮ್ಯುಯೆಲ್ 1813ರಲ್ಲಿ ಬರೆದಿಟ್ಟ. ಎಲೀಯನ ರೊಟ್ಟಿ ನೆನಪಾಗುತ್ತೆ ಅಲ್ವಾ?

ಪ್ರತಿ ಮನುಷ್ಯನಲ್ಲೂ ದೇವರ ಬೆಳಕು ಇದೆ, ಬುದ್ಧಿ ಕಲಕಿದವನಲ್ಲೂ ಇದೆ ಅನ್ನೋದು ಆ ಜನರ ನಂಬಿಕೆ. ಕಿಟಕಿಯ ಚೌಕಟ್ಟಿನ ತನಕ ಅವರು ಯೋಚಿಸಿದ್ದು ಆ ನಂಬಿಕೆಯಿಂದ.

ಆದರೆ ಕಥೆಯ ಇನ್ನೊಂದು ಬದಿ ಹೇಳದಿದ್ದರೆ ಮೋಸ ಆಗುತ್ತೆ. ಅಲ್ಲಿ ರೋಗಿಗಳನ್ನು ಚಹಾ ಕೂಟಕ್ಕೆ ಕರೀತಿದ್ದರು, ಒಳ್ಳೆ ಬಟ್ಟೆ ಹಾಕ್ಕೊಂಡು ಬಂದು, ಶಿಸ್ತಾಗಿ ಕೂತು, ಮರ್ಯಾದೆಯಿಂದ ಮಾತಾಡಬೇಕು. ಫ್ರಾನ್ಸಿನ ಮಿಷೆಲ್ ಫೂಕೊ ಎಂಬ ತತ್ವಜ್ಞಾನಿ 1961ರ ತನ್ನ ಪುಸ್ತಕದಲ್ಲಿ ಇದನ್ನೇ ಹಿಡಿದ. ಕೈಗೆ ಹಾಕಿದ್ದ ಸರಪಳಿ ಬಿಚ್ಚಿದರು ಸರಿ, ಆದರೆ ಎಲ್ಲರ ಕಣ್ಣು ತನ್ನ ಮೇಲಿದೆ ಅನ್ನೋ ಭಯ, ತಪ್ಪಿತಸ್ಥ ಅನ್ನೋ ಭಾವನೆಯನ್ನು ಮನಸ್ಸಿಗೆ ಕಟ್ಟಿದರಲ್ಲ ಅನ್ನೋದು ಅವನ ವಾದ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಿಜವಾದ ಸರಪಳಿಯಲ್ಲಿ ಬಿದ್ದಿರೋನಿಗೆ ಹೋಗಿ ಈ ಎರಡೂ ಒಂದೇ ಅಂತ ಹೇಳೋಕಾಗಲ್ಲ. ಆದರೂ ಆ ಮಾತು ಚುಚ್ಚುತ್ತೆ. ಯಾಕಂದ್ರೆ ಮನೆ ಶಾಂತವಾಗಿ ಕಾಣೋದಕ್ಕೂ ಒಳಗಿರೋರು ಶಾಂತವಾಗಿರೋದಕ್ಕೂ ವ್ಯತ್ಯಾಸ ಇದೆ.

ನಮ್ಮ ಮನೆಗಳನ್ನೇ ನೋಡಿ. ಅಪ್ಪ ಗಾಡಿ ನಿಲ್ಲಿಸೋ ಸದ್ದು ಕೇಳಿದ ಕೂಡಲೇ ಟಿವಿ ಆಫ್, ಮಕ್ಕಳು ರೂಮಿಗೆ, ಅಮ್ಮ ಅಡುಗೆಮನೆಗೆ. ಮನೆ ಎಷ್ಟು ಶಾಂತ! ಬಂದ ನೆಂಟರು ಹೊಗಳ್ತಾರೆ. ಇದು ಶಾಂತಿ ಅಲ್ಲ, ಹೆದರಿಕೆ. ಇನ್ನು ಕೆಲವು ಮನೆ ತುಂಬ ಅಂದ, ತುಂಬ ಚೊಕ್ಕಟ, ಮಡಚಿದ ಬೆಡ್‌ಶೀಟ್‌ನಲ್ಲಿ ಒಂದು ಸುಕ್ಕಿಲ್ಲ. ಅದನ್ನು ಹಾಗಿಡೋಕೆ ಒಬ್ಬಳು ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದರ ತನಕ ನಿಂತೇ ಇರ್ತಾಳೆ. ಆಕೆಗೆ ಆ ಮನೆಯಲ್ಲಿ ಕೂರೋಕೆ ಒಂದು ಕುರ್ಚಿ ಇದೆಯಾ? ಶೂನೇಮಿನ ಕೋಣೆಯಲ್ಲಿ ಕುರ್ಚಿ ಇತ್ತು. ನಿಮ್ಮ ಅಮ್ಮನಿಗೆ, ಮದುವೆ ಆದವರು ನಿಮ್ಮ ಹೆಂಡತಿಗೆ, ಇದು ನನ್ನದು ಅಂತ ಹೇಳ್ಕೊಳ್ಳೋಕೆ ಒಂದು ಮೂಲೆ ಇದೆಯಾ? ಗಂಡಸರು ಆಮೆನ್ ಹೇಳ್ತಿಲ್ಲ, ಪರವಾಗಿಲ್ಲ, ಮುಂದೆ ಹೋಗೋಣ.

ಪಿಜಿಯಲ್ಲಿ ಮೂರು ಜನ ಒಂದು ರೂಮಲ್ಲಿ ಇರೋರು ಕೇಳ್ತೀರಿ, ಪಾಸ್ಟರ್, ನಮಗೆಲ್ಲಿ ಮಾಳಿಗೆ? ನಿಜ. ಬೆಂಗಳೂರಿನಲ್ಲಿ ಒಂದು ಕಿಟಕಿ ಸಿಕ್ಕರೇ ದೊಡ್ಡದು. ಆದರೆ ಆ ಕಿಟಕಿ ಇದ್ದರೆ ಅದನ್ನು ಬಟ್ಟೆ ಒಣಗಿಸೋಕೆ ಮಾತ್ರ ಬಿಡಬೇಡಿ. 1984ರಲ್ಲಿ ರೋಜರ್ ಉಲ್ರಿಕ್ ಎಂಬ ಸಂಶೋಧಕ ಅಮೆರಿಕದ ಒಂದು ಆಸ್ಪತ್ರೆಯ 46 ರೋಗಿಗಳ ದಾಖಲೆ ಹೋಲಿಸಿ ನೋಡಿದ. ಎಲ್ಲರಿಗೂ ಒಂದೇ ಆಪರೇಷನ್. ಅರ್ಧ ಜನರ ಕಿಟಕಿಗೆ ಮರ ಕಾಣ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಮಾತ್ರೆ ಕಡಿಮೆ ಕೇಳಿದರು. ರೋಗಿಗಳ ಸಂಖ್ಯೆ ಚಿಕ್ಕದು, ಅದರಿಂದ ದೊಡ್ಡ ಸಿದ್ಧಾಂತ ಕಟ್ಟೋದು ಬೇಡ. ಒಂದು ಕುಂಡದಲ್ಲಿ ತುಳಸಿಯೋ ಮನಿ ಪ್ಲಾಂಟೋ ಇಟ್ಟುಕೊಳ್ಳೋಕೆ ಅಷ್ಟು ಸಾಕು. ರಾತ್ರಿ ಟ್ಯೂಬ್‌ಲೈಟ್ ಆರಿಸಿ ಮಂದ ಬೆಳಕು ಹಾಕಿ, ಜೋರು ಬೆಳಕು ಕಣ್ಣಿಗೆ ಬಿದ್ದಷ್ಟು ಹೊತ್ತು ದೇಹ ನಿದ್ದೆಗೆ ತಯಾರಾಗಲ್ಲ. ಫೋನ್ ಮಂಚದಿಂದ ದೂರ ಇಡಿ, ಬೈಬಲ್ ಆ್ಯಪ್ ಅಂತ ತೆಗೆದು ಎಲ್ಲಿಗೆ ಹೋಗ್ತೀರಿ ಅಂತ ನನಗೂ ಗೊತ್ತು. ರೂಮ್‌ಮೇಟ್ ಮಲಗಿದ್ದಾಗ ಹೆಡ್‌ಫೋನ್ ಹಾಕ್ಕೊಳ್ಳಿ. ನಮ್ಮ ದೇಶದ 2000ನೇ ಇಸವಿಯ ಶಬ್ದ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಇದು ಇಡೀ ರಾತ್ರಿ ಪ್ರಾರ್ಥನೆಯ ಸ್ಪೀಕರ್‌ಗೂ ಅನ್ವಯಿಸುತ್ತೆ. ಪಕ್ಕದ ಮನೆಯ ಮಗುವಿನ ನಿದ್ದೆಯನ್ನೂ ಕರ್ತನೇ ಕೊಟ್ಟಿದ್ದಾನೆ.

ಮತ್ತೆ ಶೂನೇಮಿಗೆ ಬನ್ನಿ, ಕಥೆ ಮುಗಿದಿಲ್ಲ. ಮಕ್ಕಳಿಲ್ಲದ ಆಕೆಗೆ ಮಗ ಹುಟ್ಟುತ್ತಾನೆ. ಬೆಳೆದು, ಒಂದು ದಿನ ಹೊಲದಲ್ಲಿ ತಲೆನೋವು ಅಂತಾನೆ, ಮಧ್ಯಾಹ್ನದ ತನಕ ತಾಯಿಯ ತೊಡೆ ಮೇಲಿದ್ದು ಸತ್ತೇಹೋಗ್ತಾನೆ. ಆಕೆ ಅವನನ್ನು ಎತ್ತಿಕೊಂಡು ಮೇಲೆ ಹೋಗಿ, ಬೇರೊಬ್ಬನ ವಿಶ್ರಾಂತಿಗೆ ಅಂತ ಹಾಕಿಸಿದ್ದ ಅದೇ ಮಂಚದ ಮೇಲೆ ಮಲಗಿಸಿ ಬಾಗಿಲು ಮುಚ್ಚಿ ಹೊರಡ್ತಾಳೆ. ಇವತ್ತು ಅಮಾವಾಸ್ಯೆಯೂ ಅಲ್ಲ ಸಬ್ಬತ್ತೂ ಅಲ್ಲ, ಯಾಕೆ ಹೋಗ್ತೀಯಾ ಅಂತ ಗಂಡ ಕೇಳಿದರೆ, ಎಲ್ಲಾ ಸರಿ ಇದೆ ಅಂತಾಳೆ. ದಾರಿಯಲ್ಲಿ ಗೇಹಜಿ ಎದುರು ಬಂದು ಕ್ಷೇಮವಾ ಅಂತ ವಿಚಾರಿಸಿದರೂ ಕ್ಷೇಮ ಅಂತಾಳೆ. ಮನೆಯಲ್ಲಿ ಮಗನ ಹೆಣ ಇದೆ, ಬಾಯಲ್ಲಿ ಕ್ಷೇಮ.

ಭಾನುವಾರ ಬಾಗಿಲಲ್ಲಿ ನಿಂತು ನಾನು ಹೇಗಿದ್ದೀರಾ ಅಂತೀನಿ, ನೀವು, ಕರ್ತನ ಕೃಪೆಯಿಂದ ಚೆನ್ನಾಗಿದ್ದೀವಿ ಪಾಸ್ಟರ್ ಅಂತೀರಿ. ಗೊತ್ತಾಯ್ತಲ್ಲ?

ಎಲೀಷನ ಹತ್ತಿರ ಬಂದ ಮೇಲೆ ಆಕೆ ಅವನ ಪಾದ ಹಿಡಿದು ಬೀಳ್ತಾಳೆ. ಗೇಹಜಿ ಆಕೆಯನ್ನು ತಳ್ಳೋಕೆ ಹೋಗ್ತಾನೆ, ಸಭೆಗಳಲ್ಲಿ ಇಂಥವರು ಯಾವಾಗಲೂ ಇರ್ತಾರೆ. ಎಲೀಷ, ಬಿಡು ಆಕೆಯನ್ನು, ಆಕೆಯ ಮನಸ್ಸು ಬಹಳ ನೊಂದಿದೆ, ಕರ್ತನು ಇದನ್ನು ನನಗೆ ತಿಳಿಸದೆ ಮರೆಮಾಡಿದ್ದಾನೆ ಅನ್ನುವ ಅರ್ಥದಲ್ಲಿ ಹೇಳ್ತಾನೆ. ಇದನ್ನು ಗಮನಿಸಿ. ಅಷ್ಟು ದೊಡ್ಡ ಪ್ರವಾದಿಗೆ ಪ್ರಕಟಣೆ ಆಗಲಿಲ್ಲ. ಆಕೆ ಬಾಯಿ ಬಿಟ್ಟು ಹೇಳಬೇಕಾಯ್ತು. ಪಾಸ್ಟರ್‌ಗೆ ಆತ್ಮನಲ್ಲಿ ಗೊತ್ತಾಗುತ್ತೆ ಅಂತ ಕಾಯ್ತಾ ಎಷ್ಟು ಜನ ತಿಂಗಳುಗಟ್ಟಲೆ ನಿದ್ದೆ ಇಲ್ಲದೆ, ಊಟ ಸೇರದೆ, ಸಾಯೋ ಯೋಚನೆ ಇಟ್ಕೊಂಡು ಕೂತಿದ್ದೀರಿ? ಗೊತ್ತಾಗಲ್ಲ. ಹೇಳಬೇಕು. ಮನೆಯಲ್ಲಿ ಹೇಳೋಕೆ ಆಗದಿದ್ದರೆ ಹೊರಗೆ ಹೇಳಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ಸರ್ಕಾರ 2022ರಲ್ಲಿ ಶುರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡ್ತಾರೆ. ನಿಮ್ಹಾನ್ಸ್ ಇದೇ ಊರಲ್ಲಿದೆ. ಹಸ್ತಾರ್ಪಣೆ ಮಾಡಿ ಪ್ರಾರ್ಥನೆ ಮಾಡ್ತೀವಿ, ಡಾಕ್ಟರ್ ಹತ್ತಿರವೂ ಜೊತೆಗೆ ಬರ್ತೀವಿ. ಮಾತ್ರೆ ತಗೊಳ್ಳೋರನ್ನು ವಿಶ್ವಾಸ ಇಲ್ಲದವರು ಅಂತ ಯಾರಾದರೂ ಅಂದರೆ, ಅವರನ್ನು ನನ್ನ ಹತ್ತಿರ ಕಳಿಸಿ. ದೀಪ, ಪರದೆ, ಗಿಡ ಇದೆಲ್ಲಾ ಕಾಯಿಲೆ ವಾಸಿ ಮಾಡಲ್ಲ. ಕಾಯಿಲೆ ಇದೆ ಅಂತ ಹೇಳ್ಕೊಳ್ಳೋಕೆ ಕೂರೋ ಜಾಗ ಮಾಡಿಕೊಡುತ್ತೆ.

ಚೀಟಿ ಬರೆದ ತಂಗಿ, ಪರದೆ ತೆಗೀಬೇಡ. ಇನ್ನೊಂದು ಕುರ್ಚಿ ತಗೋ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಆ ಆಂಟಿ ಮತ್ತೆ ಬಂದರೆ ಅದರ ಮೇಲೆ ಕೂರಿಸಿ ಒಂದು ಕಾಫಿ ಕೊಡು. ಅವರ ಮನೆಯಲ್ಲಿ ಅವರನ್ನು ಯಾರಾದರೂ ಹಾಗೆ ಕೂರಿಸಿ ಎಷ್ಟು ವರ್ಷ ಆಯ್ತೋ.

ಈಗ ಹಾಡೋಕೆ ಮುಂಚೆ ಎರಡು ನಿಮಿಷ. ಪಕ್ಕದಲ್ಲಿ ಕೂತವರ ಕಡೆ ತಿರುಗಿ, ಹೇಗಿದ್ದೀರಾ ಅಂತ ಕೇಳಿ. ಕೇಳಿ ಸುಮ್ಮನೆ ಕಾಯಿರಿ. ಚೆನ್ನಾಗಿಲ್ಲ ಅಂದರೆ ತಕ್ಷಣ ವಚನ ಹೇಳೋಕೆ ಹೋಗಬೇಡಿ. ಕೀಬೋರ್ಡ್ ತಮ್ಮಾ, ಸ್ವಲ್ಪ ಹೊತ್ತು ಏನೂ ನುಡಿಸಬೇಡಪ್ಪ.