ಊಟ ಹಾಕಿದವರ ಹತ್ತಿರ ಚೌಕಾಸಿ

ಹೋದ ವರ್ಷ ಶಿವರಾತ್ರಿಗೆ ಮುಂಚಿನ ಒಂದು ಭಾನುವಾರ ನಾವು ನಾಲ್ವರು ಗೆಳೆಯರು ಬೆಂಗಳೂರಿನಿಂದ ಕೊರಟಗೆರೆ ಕಡೆ ಹೋಗಿದ್ದೆವು. ಈಚೆಗೆ ನಮಗೆ ಇದೊಂದು ಅಭ್ಯಾಸವಾಗಿದೆ. ಬೆಳಿಗ್ಗೆ ಹೊರಡುವುದು, ಯಾವುದಾದರೂ ತೋಟ, ಗಾಣ, ಸಂತೆ ನೋಡುವುದು, ಅಲ್ಲಿಯದೇ ಊಟ ಮಾಡಿ, ಬೆಳೆದವರ ಕೈಯಿಂದಲೇ ಒಂದಿಷ್ಟು ಕೊಂಡು, ಕತ್ತಲಾಗುವಷ್ಟರಲ್ಲಿ ಮನೆ ಸೇರುವುದು. ಸಿದ್ದರಬೆಟ್ಟಕ್ಕೂ ಗೊರವನಹಳ್ಳಿಗೂ ಹೋಗುವ ಭಕ್ತರ ಕಾರುಗಳ ನಡುವೆ ನಮ್ಮದು ಹೊಟ್ಟೆಯ ಯಾತ್ರೆ.

ಹುಣಸೆಯ ಕಾಲ. ಪರಿಚಯದವರ ಪರಿಚಯದ ಒಂದು ಮನೆಗೆ ಹೋದೆವು. ಅಂಗಳದ ತುಂಬ ಹಣ್ಣು ಹರಡಿತ್ತು. ಐದಾರು ಹೆಂಗಸರು ಕೂತು ಸಿಪ್ಪೆ ಬಿಡಿಸಿ, ಕುಟ್ಟಿ, ನಾರು ಎಳೆದು, ಬೀಜ ತೆಗೆಯುತ್ತಿದ್ದರು. ಅವರ ಬೆರಳುಗಳು ಕಪ್ಪಗಾಗಿದ್ದವು. ನಾವು ಫೋಟೊ ತೆಗೆದೆವು. ಮನೆಯಾಕೆ ನಮ್ಮನ್ನು ಒಳಗೆ ಕರೆದು ಮುದ್ದೆ, ಹುರುಳಿಕಾಳಿನ ಸಾರು, ಹುಚ್ಚೆಳ್ಳು ಚಟ್ನಿ ಬಡಿಸಿದರು, ಮೇಲೆ ಮಜ್ಜಿಗೆ ಕೊಟ್ಟರು. ಕೈತೊಳೆದು ಬಂದು ನಾನು ದುಡ್ಡು ತೆಗೆದರೆ ಆಕೆ ಗದರಿದರು: “ಉಣ್ಣಾಕೆ ಇಕ್ಕಿದ್ದಕ್ಕೆ ಯಾರಾದ್ರೂ ದುಡ್ಡು ಇಸ್ಕಂತಾರೇನಣ್ಣ? ಮಡಿಕ್ಕಳಿ ಒಳಗೆ.”

ಹೊರಗೆ ಜಗುಲಿಯ ಮೇಲೆ ನನ್ನ ಗೆಳೆಯ ಅದೇ ಹೊತ್ತಿಗೆ ಮನೆಯ ಯಜಮಾನರ ಜೊತೆ ಹುಣಸೆಯ ಬೆಲೆ ಮಾತಾಡುತ್ತಿದ್ದ. ಅವರು ಕಿಲೋಗೆ 160 ಎಂದಿದ್ದರು. “ಮಧ್ಯೆ ದಲ್ಲಾಳಿ ಇಲ್ಲ, ಸಾಗಣೆ ಇಲ್ಲ, ನಾವೇ ಬಂದಿದ್ದೀವಿ” ಎಂದು ಅವನು 130ಕ್ಕೆ ಇಳಿಸಿದ. ಯಜಮಾನರು ಒಂದು ಸಲ ಅಡುಗೆಮನೆಯ ಬಾಗಿಲು ನೋಡಿ, “ಆಯ್ತು ಬಿಡಿ, ಮನೆಗೆ ಬಂದಿದ್ದೀರ” ಎಂದರು. ಹತ್ತು ಕಿಲೋ ಡಿಕ್ಕಿಗೆ ಹೋಯಿತು. ವಾಪಸು ಬರುವಾಗ ಕಾರಿನಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಆ “ಮನೆಗೆ ಬಂದಿದ್ದೀರ” ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಒಂದೇ ಗಂಟೆಯೊಳಗೆ ನೆಂಟರ ಊಟವನ್ನೂ ಗಿರಾಕಿಯ ರಿಯಾಯಿತಿಯನ್ನೂ ನಾವು ಪಡೆದುಕೊಂಡು ಬಂದಿದ್ದೆವು.

ಗೆಳೆಯನಿಗೆ ಹೇಳಿದೆ. “ಚೌಕಾಸಿ ಮಾಡುವುದು ತಪ್ಪಾದರೆ ಸಂತೆಗಳೆಲ್ಲ ಮುಚ್ಚಬೇಕಾಗುತ್ತದೆ” ಎಂದ. ಅವನ ಮಾತು ಸುಳ್ಳಲ್ಲ. ಶಿರಾದ ಸಂತೆಯಲ್ಲಿ ನಾನೇ ಎಷ್ಟೋ ಸಲ ಮಾಡಿದ್ದೇನೆ. ಕಡಲೆಕಾಯಿ ರಾಶಿಯ ಹಿಂದೆ ಕೂತ ಅಜ್ಜಿಗೆ ನಾನು ಅರ್ಧಕ್ಕೆ ಕೇಳುತ್ತೇನೆಂದು ಗೊತ್ತು. ಅದಕ್ಕೇ ಮೊದಲೇ ಏರಿಸಿ ಹೇಳಿರುತ್ತಾಳೆ. ಆಗಲ್ಲ ಅಂದರೆ ಆಗಲ್ಲ, “ಮುಂದಕ್ಕೆ ಹೋಗಪ್ಪ” ಎನ್ನುತ್ತಾಳೆ. ಅವಳ ಪಕ್ಕದಲ್ಲಿ ಇನ್ನೊಬ್ಬ ಮಾರುವವನಿದ್ದಾನೆ, ನನ್ನ ಪಕ್ಕದಲ್ಲಿ ಇನ್ನೊಬ್ಬ ಕೊಳ್ಳುವವನಿದ್ದಾನೆ. ಇಬ್ಬರಿಗೂ ಎದ್ದು ಹೋಗುವ ದಾರಿಯಿದೆ. ಉಣ್ಣಲಿಕ್ಕಿದ ಮನೆಯವನಿಗೆ ಆ ದಾರಿಯಿಲ್ಲ. ತನ್ನ ಹೊಸಿಲು ದಾಟಿ ಬಂದವನಿಗೆ “ಮುಂದಕ್ಕೆ ಹೋಗಪ್ಪ” ಎನ್ನುವುದು ಅವನಿಂದಾಗದು. ಅವನ ಮರ್ಯಾದೆಯೇ ಅವನ ಕೈ ಕಟ್ಟಿಹಾಕಿರುತ್ತದೆ. ನಾವು ಚೌಕಾಸಿ ಮಾಡಿದ್ದು ಆ ಮರ್ಯಾದೆಯ ಜೊತೆ.

ಇನ್ನು ನಾವು ಅಷ್ಟು ಹಗುರವಾಗಿ ತಳ್ಳಿಹಾಕಿದ ದಲ್ಲಾಳಿ. ಆ ಕಡೆ ಎಷ್ಟೋ ಹುಣಸೆಮರಗಳು ಹೂವಿನಲ್ಲೇ ಗುತ್ತಿಗೆಗೆ ಹೋಗುತ್ತವೆ. ಕಾಯಿ ಕಚ್ಚುವ ಮುಂಚೆಯೇ ವ್ಯಾಪಾರಿ ಮುಂಗಡ ಕೊಡುತ್ತಾನೆ. ಆ ದುಡ್ಡು ಮಗಳ ಫೀಸಿಗೋ ಬೋರಿನ ಮೋಟಾರಿಗೋ ಆಗುತ್ತದೆ. ಬೆಲೆಯಲ್ಲಿ ಅವನು ಕಚ್ಚಿಕೊಳ್ಳುತ್ತಾನೆ, ಮುಂಗಡದಲ್ಲೇ ಕಟ್ಟಿಹಾಕುತ್ತಾನೆ, ಅವನನ್ನು ದೇವರು ಮಾಡಬೇಕಿಲ್ಲ. ಆದರೆ ಅವನು ಒಳ್ಳೆಯದು ಕೆಟ್ಟದ್ದು ಎಲ್ಲ ಒಟ್ಟಿಗೆ ಒಯ್ಯುತ್ತಾನೆ, ಮುಂದಿನ ವರ್ಷವೂ ಬರುತ್ತಾನೆ. ನಾವು ಚೆಂದದ ಹತ್ತು ಕಿಲೋ ಆರಿಸಿಕೊಂಡು, ಅವನ ಪಾಲನ್ನು ಉಳಿಸಿದೆವೆಂದು ಹೇಳಿ ಅದನ್ನು ನಮ್ಮ ಜೇಬಿಗೇ ಇಳಿಸಿದೆವು.

ಹಾಗಾದರೆ ಊಟಕ್ಕೂ ದುಡ್ಡು ಕೊಟ್ಟುಬಿಟ್ಟರೆ ಲೆಕ್ಕ ಚುಕ್ತವೇ? ಮಧುಗಿರಿಯ ಏಕಶಿಲೆ ಬೆಟ್ಟ ಕಾಣುವ ಒಂದು ತೋಟದಲ್ಲಿ ಊಟಕ್ಕೆ ಇಂತಿಷ್ಟು ಎಂದು ಬೋರ್ಡೇ ಬರೆದು ಹಾಕಿದ್ದರು. ಮೊದಲು ನನಗೆ ಕಸಿವಿಸಿಯಾಯಿತು. ಹಳ್ಳಿಯೂ ಹೋಟೆಲ್ಲಾಯಿತಲ್ಲ ಎಂಬ ಪೇಟೆಯವರ ಹಳೇ ಗೊಣಗಾಟ. ಉಂಡು ಎದ್ದ ಮೇಲೆ ಬೋರ್ಡೇ ವಾಸಿ ಅನ್ನಿಸಿತು. ಬಡಿಸುವ ತಾಯಿಯ ಮುಖದಲ್ಲಿ ಸಂಕೋಚವಿರಲಿಲ್ಲ, ಇನ್ನೊಂದು ಮುದ್ದೆ ಕೇಳಲು ನಮಗೂ ಇರಲಿಲ್ಲ. ಆದರೆ ಗೋಡೆಯ ಮೇಲಿನ ಕೋಡ್ ಸ್ಕ್ಯಾನ್ ಮಾಡಿದಾಗ ಫೋನಿನಲ್ಲಿ ಬಂದ ಹೆಸರು ಮಗನದು. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನಂತೆ. ಮುದ್ದೆ ಕಟ್ಟಿದ ಕೈಗೆ ಅದರಲ್ಲಿ ಎಷ್ಟು ಸೇರಿತು ಎಂದು ಕೇಳುವ ಅಧಿಕಾರ ನಮಗಿರಲಿಲ್ಲ.

‘ಬೆಳೆದವರ ಕೈ’ ಎಂದು ನಾವು ಹೇಳುತ್ತೇವಲ್ಲ, ಅದು ಯಾರ ಕೈ ಎನ್ನುವ ಪ್ರಶ್ನೆ ಪಾವಗಡದಲ್ಲಿ ಇನ್ನಷ್ಟು ಕಾಡಿತು. ಕಡಲೆಕಾಯಿಯ ಸೀಮೆ ಎಂದು ಹೋದವರಿಗೆ ತಿರುಮಣಿಯ ಸುತ್ತ ಕಂಡದ್ದು ಸೌರ ಫಲಕಗಳ ಬಯಲು. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ಕೈಕೊಡುವ ನೆಲದಲ್ಲಿ ಇದು ಸಣ್ಣ ಮಾತಲ್ಲ, ಭೂಮಿ ಉಳ್ಳವರಿಗೆ ಉಸಿರು ಬಂತು. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಗಿಡ ಕಿತ್ತು, ಕಾಯಿ ಬಿಡಿಸುತ್ತಿದ್ದವರ ಹೆಸರು ಪಹಣಿಯಲ್ಲಿಲ್ಲ, ಹಾಗಾಗಿ ಗುತ್ತಿಗೆ ಪತ್ರದಲ್ಲೂ ಇಲ್ಲ. ಚಹಾ ಅಂಗಡಿಯಲ್ಲಿ ಒಬ್ಬಾಕೆ ಅರ್ಧ ತೆಲುಗಿನಲ್ಲಿ, ಈಗ ಕಡಲೆಕಾಯಿಯನ್ನು ತಾವೂ ಅಂಗಡಿಯಲ್ಲೇ ತರುತ್ತೇವೆ ಎಂದು ನಕ್ಕಳು. ಆಗ ನನಗೆ ಕೊರಟಗೆರೆಯ ಅಂಗಳ ನೆನಪಾಯಿತು. ಕಪ್ಪು ಬೆರಳಿನ ಆ ಹೆಂಗಸರಿಗೆ ಕೂಲಿ ದಿನದ ಲೆಕ್ಕವಲ್ಲ, ಕಿಲೋ ಲೆಕ್ಕ. ಕಿಲೋಗೆ ಎಷ್ಟು ಎಂದು ನಾವಾರೂ ಕೇಳಿರಲಿಲ್ಲ. ನಾವು ಇಳಿಸಿದ ಮೂವತ್ತು ರೂಪಾಯಿ ಕೊನೆಗೆ ಯಾರ ಕೂಲಿಯಲ್ಲಿ ಹಿಡಿದುಕೊಂಡರೋ.

ತಿಂದು ಹೋದವರು ಲೆಕ್ಕ ಬರೆದುಕೊಟ್ಟ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. ಗುಬ್ಬಿ ತಾಲ್ಲೂಕು ಚೇಳೂರಿನ ಪರಮೇಶ್ ಅವರ ತೋಟದ ಕೆಂಪು ತೊಳೆಯ ಹಲಸನ್ನು ರುಚಿ ನೋಡಿದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 2017ರಲ್ಲಿ ಅವರೊಂದಿಗೆ ಒಪ್ಪಂದ ಮಾಡಿಕೊಂಡರು. ಸಸಿ ಮಾರಿದ ಹಣದಲ್ಲಿ ಶೇಕಡ 75 ರೈತನಿಗೆ. ತಳಿಗೆ ಹೆಸರು ಮರ ನೆಟ್ಟ ಅವರ ತಂದೆ ಸಿದ್ದಪ್ಪನವರದೇ, ಸಿದ್ದು ಹಲಸು. ನೆಂಟಸ್ತಿಕೆಯ ಸೋಗಿಲ್ಲದೆ ಎರಡೂ ಕಡೆಯ ಮರ್ಯಾದೆ ಉಳಿದದ್ದು ಅಲ್ಲಿ. ನಮ್ಮಂಥ ಭಾನುವಾರದ ಜನ ಅಷ್ಟು ದೂರ ಹೋಗಬೇಕಿಲ್ಲ. ಆದರೂ ಏನೋ ಮಾಡಬೇಕಲ್ಲ.

ಈ ಫೆಬ್ರವರಿಯಲ್ಲಿ ನಾನೊಬ್ಬನೇ ಬಸ್ಸಿನಲ್ಲಿ ಕೊರಟಗೆರೆಯ ಆ ಮನೆಗೆ ಹೋದೆ. ನೆಂಟರ ಮನೆಗೆ ಹೋಗುವ ಹಾಗೆ ಬಾಳೆಹಣ್ಣು, ಬ್ರೆಡ್ಡು ಒಯ್ದಿದ್ದೆ. ಊಟಕ್ಕೆ ಏಳಿಸಿದರು, ಉಂಡೆ. ದುಡ್ಡಿನ ಮಾತೆತ್ತಲಿಲ್ಲ. ಹುಣಸೆಗೆ ಅವರು ಹೇಳಿದ ಬೆಲೆಯನ್ನೇ ಕೊಟ್ಟೆ. ಆಕೆ ತಕ್ಕಡಿ ಇಳಿಸಿ, ಚೀಲದ ಬಾಯಿ ಕಟ್ಟುವ ಮುಂಚೆ ಎರಡು ಹಿಡಿ ಹೆಚ್ಚಿಗೆ ಹಾಕಿದರು. “ಕೊಸರು” ಎಂದರು. ಸಂತೆಯಲ್ಲಿ ನಾವು ಕೇಳಿ, ಕಾಡಿ ಹಾಕಿಸಿಕೊಳ್ಳುವ ಕೊಸರು. ಇಲ್ಲಿ ನಾನು ಕೇಳಿರಲಿಲ್ಲ. ಬೆಲೆ ಪೂರ್ತಿ ಕೊಟ್ಟಿದ್ದರಿಂದ ಕೊಡುವ ಕೈ ಈಗ ಅವರದಾಗಿತ್ತು.

ಹೊರಡುವಾಗ ಯಜಮಾನರು ದಾರಿಯವರೆಗೆ ಬಂದರು. “ಹೂವಾದಾಗ್ಲೇ ಮಂಡಿಯೋರು ಮುಂಗಡ ಕೊಟ್ಬಿಡ್ತಾರೆ ಸಾರ್. ನೀವು ನಾಲ್ಕ್ ಜನ ಸೇರಿ ಕೊಡಂಗಿದ್ರೆ ಒಂದ್ ಮರ ನಿಮ್ಗೇ ಬಿಡ್ತೀನಿ. ಕಾಯಿ ಆದ್ರೆ ನಿಮ್ದು. ಆಗ್ದಿದ್ರೂ ನಿಮ್ದೇ.”

ಹೇಳ್ತೀನಿ ಎಂದು ಬಂದೆ. ಗೆಳೆಯರ ಗುಂಪಿನಲ್ಲಿ ವಿಷಯ ಹಾಕಿದೆ. “ಆಗದಿದ್ದರೆ ದುಡ್ಡು ವಾಪಸ್ ಬರುತ್ತಾ?” ಎಂದು ಒಬ್ಬ ಕೇಳಿದ್ದಾನೆ. ಇನ್ನಿಬ್ಬರು ಓದಿದ್ದಾರೆಂದು ಫೋನು ತೋರಿಸುತ್ತದೆ. ನಾನೂ ಯಜಮಾನರಿಗೆ ಇನ್ನೂ ಫೋನ್ ಮಾಡಿಲ್ಲ. ಜೂನ್ ಆಯಿತು, ಮರ ಹೂವಿಗೆ ಬಂದಿರುತ್ತದೆ.